ಫೈರ್‌ಸ್ಟಾಪ್ ಸೀಲ್ ಎಲ್ಲಿ ಕೈಕೊಟ್ಟಿದೆ? ಕೇಬಲ್ ತೂತು ಮತ್ತು ಜಾಯಿಂಟ್‌ಗಳಲ್ಲಿ ದೋಷ ಹುಡುಕುವ ಬಗೆ

ಕೇಬಲ್ ದಾಟಿಸಲು ಗೋಡೆಯಲ್ಲಿ ತೂತು ಕೊರೆದಿದ್ದಾರೆ. ಕೆಲಸ ಮುಗಿದ ಮೇಲೆ ಕೆಂಪು ಸೀಲೆಂಟ್ (ಸಂದು ಮುಚ್ಚುವ ಅಂಟು ಪೇಸ್ಟ್) ಬಳಿದು ಮುಚ್ಚಿದ್ದಾರೆ. ಬೆಂಕಿ, ಹೊಗೆ ಆಚೆ ದಾಟದಂತೆ ಹೀಗೆ ತೂತು, ಸಂದು ಮುಚ್ಚುವುದಕ್ಕೇ ಫೈರ್‌ಸ್ಟಾಪ್ ಅನ್ನುವುದು. ಮೇಲ್ಮೈ ನುಣ್ಣಗಿದೆ, ಪಕ್ಕದಲ್ಲಿ ಲೇಬಲ್ ಕೂಡ ಇದೆ. ಬೆರಳಿಟ್ಟು ಒತ್ತಿದೆ, ಬೆರಳು ಒಳಗೆ ಹೋಯಿತು. ಸೀಲೆಂಟ್ ಇದ್ದದ್ದು ಐದು ಮಿಲಿಮೀಟರ್ ದಪ್ಪದ ಪೊರೆಯಷ್ಟೇ. ಅದರ ಹಿಂದೆ ಮುದ್ದೆ ಮಾಡಿ ತುರುಕಿದ ಸಿಮೆಂಟ್ ಚೀಲದ ಕಾಗದ.

ಈ ಕೆಲಸದಲ್ಲಿ ನಾನು ಕಂಡ ದೋಷಗಳಲ್ಲಿ ಜಾಸ್ತಿ ಪಾಲು ಇದೇ ಜಾತಿಯವು. ಮುಂದಿನಿಂದ ಎಲ್ಲ ಸರಿ, ಕೊರತೆ ಇರುವುದು ಹಿಂದೆ. ನಲ್ಲಿ ಸೋರಿದರೆ ನೀರು ಕಾಣುತ್ತದೆ, ಲೈಟು ಕೆಟ್ಟರೆ ಕತ್ತಲಾಗುತ್ತದೆ. ಫೈರ್‌ಸ್ಟಾಪ್ ಕೆಟ್ಟರೆ ಏನೂ ಕಾಣುವುದಿಲ್ಲ. ಅದು ಕೆಟ್ಟಿತ್ತು ಅಂತ ಗೊತ್ತಾಗುವುದು ಬೆಂಕಿ ಬಿದ್ದ ದಿನ. ಹಾಗಾಗಿ ಇಲ್ಲಿ ದೋಷವನ್ನು ನಾವೇ ಹೋಗಿ ಹುಡುಕಬೇಕು. ಬಿರುಕು ಕಂಡರೆ ಮೇಲೊಂದು ಕೋಟು ಬಳಿದು ಬಿಡುವುದಲ್ಲ, ಯಾಕೆ ಬಿಟ್ಟಿತು ಅಂತ ಕೇಳಬೇಕು. ಸೀಲ್ ಹಾಕುವವರು, ತಪಾಸಣೆ ಮಾಡುವವರು, ಕಟ್ಟಡ ನೋಡಿಕೊಳ್ಳುವವರು ಮೂವರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೇಣದಬತ್ತಿ ಹಿಡಿದು ನೋಡಬೇಡಿ

1975ರ ಮಾರ್ಚ್ 22. ಅಮೆರಿಕದ ಅಲಬಾಮಾದಲ್ಲಿರುವ ಬ್ರೌನ್ಸ್ ಫೆರ್ರಿ ಅಣು ವಿದ್ಯುತ್ ಸ್ಥಾವರ. ಕೇಬಲ್‌ಗಳು ಗೋಡೆ ದಾಟುವ ಜಾಗದಲ್ಲಿ ಗಾಳಿ ಸೋರುತ್ತಿದೆಯೇ ಅಂತ ಕೆಲಸಗಾರರು ಪರೀಕ್ಷೆ ಮಾಡುತ್ತಿದ್ದರು. ಕೈಯಲ್ಲಿ ಇದ್ದದ್ದು ಮೇಣದಬತ್ತಿ. ಸೀಳಿಗೆ ತುಂಬಿದ್ದದ್ದು ಪಾಲಿಯುರೆಥೇನ್ ಫೋಮ್. ಗೋಡೆಯ ಆಚೆ ಗಾಳಿಯ ಒತ್ತಡ ಕಡಿಮೆ ಇತ್ತು. ಆ ಒತ್ತಡ ಜ್ವಾಲೆಯನ್ನು ತೂತಿನೊಳಕ್ಕೆ ಎಳೆದುಕೊಂಡಿತು, ಫೋಮ್ ಹತ್ತಿಕೊಂಡಿತು, ಬೆಂಕಿ ಆಚೆ ಬದಿಗೆ ದಾಟಿತು. ಆರಿಸಲು ಸುಮಾರು ಏಳು ಗಂಟೆ ಹಿಡಿಯಿತು. 1,600ರಷ್ಟು ಕೇಬಲ್‌ಗಳು ಹಾಳಾದವು.

ದೋಷ ಹುಡುಕುವವರಿಗೆ ಈ ಒಂದೇ ಘಟನೆಯಲ್ಲಿ ಮೂರು ಪಾಠ ಇವೆ. ಸೋರಿಕೆ ನೋಡಲು ಜ್ವಾಲೆ ಬಳಸಬಾರದು. ತೂತು ಮುಚ್ಚಿದೆ ಅಂದರೆ ಬೆಂಕಿ ತಡೆಯುತ್ತದೆ ಅಂತ ಅರ್ಥವಲ್ಲ, ತುಂಬಿದ ಸಾಮಾನೇ ಉರಿಯಬಹುದು. ಮತ್ತೆ, ಎರಡು ಬದಿಯ ಗಾಳಿಯ ಒತ್ತಡ ಬೇರೆ ಬೇರೆ ಇದ್ದರೆ ಸಣ್ಣ ಸೀಳೂ ದೊಡ್ಡ ದಾರಿಯಾಗುತ್ತದೆ. ಗಾಳಿ ನೋಡಲು ಹೊಗೆ ಪೆನ್ಸಿಲ್ ಸಿಗುತ್ತದೆ, ಜ್ವಾಲೆ ಇಲ್ಲದೆ ತೆಳು ಹೊಗೆ ಬಿಡುವ ಕಡ್ಡಿ ಅದು. ಅದೂ ಇಲ್ಲದಿದ್ದರೆ ತೆಳು ಟಿಶ್ಯೂ ಕಾಗದದ ಒಂದು ಪಟ್ಟಿ ಹಿಡಿದರೆ ಸಾಕು, ಗಾಳಿ ಇದ್ದರೆ ಅದು ಬಾಗುತ್ತದೆ.

ಮುಟ್ಟುವ ಮೊದಲು

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಳ್ಳೆಯ ಟಾರ್ಚ್, ಸ್ಟೀಲ್ ಸ್ಕೇಲ್, ಪುಟ್ಟ ಕನ್ನಡಿ, ಹೊಗೆ ಪೆನ್ಸಿಲ್, ಫೋಟೊ ತೆಗೆಯಲು ಫೋನು, ಮತ್ತು ಮೊನೆ ಮೊಂಡಾದ, ವಿದ್ಯುತ್ ಹರಿಯದ ಒಂದು ತೆಳು ಕಡ್ಡಿ. ಆಳ ನೋಡಲು ಕಬ್ಬಿಣದ ತಂತಿ ಚುಚ್ಚುವವರನ್ನು ನೋಡಿದ್ದೇನೆ. ಒಳಗೆ ಕರೆಂಟ್ ಇರುವ ಕೇಬಲ್ ಇರುತ್ತದೆ, ದಯವಿಟ್ಟು ಬೇಡ. ಸೀಲ್ ಕತ್ತರಿಸಿ ನೋಡಬೇಕಾದರೆ ಆ ಸರ್ಕ್ಯೂಟ್ ಯಾವುದು, ಆಫ್ ಮಾಡಿದ್ದಾರಾ ಅಂತ ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು ಎಚ್ಚರ. ಕಟ್ಟಡ ಹಳೆಯದಾದರೆ ಒಳಗೆ ತುಂಬಿರುವ ನಾರು ಆಸ್ಬೆಸ್ಟಾಸ್ ಆಗಿರಬಹುದು. ಗುರುತಿಸಲಾಗದ ಬಿಳಿ ಅಥವಾ ಬೂದು ನಾರು ಕಂಡರೆ ಕೆದಕಬೇಡಿ. ಮಾದರಿ ತೆಗೆಯಲು ಗೊತ್ತಿರುವವರನ್ನು ಕರೆಸಿ, ಲ್ಯಾಬ್ ವರದಿ ಬರುವವರೆಗೆ ಕೈ ಹಾಕಬೇಡಿ.

ಆಮೇಲೆ ನಾಲ್ಕು ಪ್ರಶ್ನೆ. ಈ ಗೋಡೆ ಅಥವಾ ಸ್ಲ್ಯಾಬ್ ಎಷ್ಟು ಗಂಟೆ ಬೆಂಕಿ ತಡೆಯುವಂಥದ್ದು? ಯಾವುದರಿಂದ ಕಟ್ಟಿದ್ದು: ಕಾಂಕ್ರೀಟಾ, ಬ್ಲಾಕಾ, ಜಿಪ್ಸಮ್ ಬೋರ್ಡಾ? ಇದರಲ್ಲಿ ಏನೇನು ದಾಟುತ್ತಿದೆ? ಇಲ್ಲಿ ಏನಾದರೂ ಅಲುಗಾಡುತ್ತದೆಯೇ? ಈ ನಾಲ್ಕಕ್ಕೆ ಉತ್ತರ ಇಲ್ಲದೆ ಸೀಲ್ ಸರಿ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಯಾಕೆಂದರೆ ಪರೀಕ್ಷೆಯಲ್ಲಿ ಪಾಸಾಗುವುದು ಸೀಲೆಂಟ್ ಟ್ಯೂಬ್ ಅಲ್ಲ. ಪಾಸಾಗುವುದು ಇಡೀ ಜೋಡಣೆ: ಇಷ್ಟು ದಪ್ಪದ ಗೋಡೆ, ಇಷ್ಟು ದೊಡ್ಡ ತೂತು, ಇಂಥ ಕೇಬಲ್, ಹಿಂದೆ ಇಷ್ಟು ಆಳದ ಉಣ್ಣೆ (ಕಲ್ಲಿನ ನಾರಿನದು), ಮೇಲೆ ಇಷ್ಟು ದಪ್ಪದ ಸೀಲೆಂಟ್. ಕೇಬಲ್ ತೂತುಗಳಿಗೆ ಅಮೆರಿಕದ ಯುಎಲ್ 1479, ಎಎಸ್‌ಟಿಎಂ ಇ 814 ಅಥವಾ ಯುರೋಪಿನ ಇಎನ್ 1366-3 ಪರೀಕ್ಷೆ. ಜಾಯಿಂಟ್‌ಗಳಿಗೆ, ಅಂದರೆ ಗೋಡೆ, ಸ್ಲ್ಯಾಬ್ ಸೇರುವ ಕಡೆ ಉಳಿಯುವ ಉದ್ದ ಸೀಳುಗಳಿಗೆ, ಯುಎಲ್ 2079 ಅಥವಾ ಇಎನ್ 1366-4. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಪಾಸಾಗಿದೆ ಅಂತ ಅಂದುಕೊಳ್ಳಬಾರದು. ಸೈಟಿನಲ್ಲಿ ಆಗುವ ದೊಡ್ಡ ಗೊಂದಲ ಇದೇ. ಸೀಳಿಗೆ ಅಂತ ಪಾಸಾದ ಫೋಮನ್ನು ಕೇಬಲ್ ತೂತಿಗೆ ಹೊಡೆದಿರುತ್ತಾರೆ. ಕೇಳಿದರೆ ಡಬ್ಬದ ಮೇಲೆ ಬೆಂಕಿಯ ಚಿತ್ರ ತೋರಿಸುತ್ತಾರೆ. ಬಣ್ಣ ಕೆಂಪು ಅಥವಾ ಗುಲಾಬಿ ಇದ್ದ ಮಾತ್ರಕ್ಕೆ ಅದು ಬೆಂಕಿ ತಡೆಯುವ ಫೋಮ್ ಆಗುವುದಿಲ್ಲ.

ಪರೀಕ್ಷೆ ಅಂದರೆ ಎಂಥ ಬಿಸಿ ಅಂತ ಒಂದು ಅಂದಾಜು ಇರಲಿ. ಐಎಸ್‌ಒ 834 ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆಯ ಕುಲುಮೆ ಒಂದು ಗಂಟೆಗೆ 945 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಎರಡು ಗಂಟೆಗೆ 1,049. ಅಲ್ಯೂಮಿನಿಯಂ ಕರಗುವುದು 660ರಲ್ಲಿ. ಅಂದರೆ ಕೇಬಲ್ ಹೊರುವ ಅಲ್ಯೂಮಿನಿಯಂ ಟ್ರೇ ಬಹಳ ಬೇಗ ಕಣ್ಮರೆ. ಜ್ವಾಲೆ ದಾಟದಿದ್ದರೆ ಸಾಲದು, ಶಾಖವೂ ದಾಟಬಾರದು. ಯುರೋಪಿನ ಪರೀಕ್ಷೆಯಲ್ಲಿ ಬೆಂಕಿ ಇಲ್ಲದ ಬದಿಯ ಬಿಸಿ 180 ಡಿಗ್ರಿಗಿಂತ ಹೆಚ್ಚು ಏರಿದರೆ ಶಾಖ ತಡೆಯುವ ಲೆಕ್ಕದಲ್ಲಿ ಸೀಲ್ ಫೇಲ್. ದಪ್ಪ ತಾಮ್ರದ ಕೇಬಲ್ ಶಾಖವನ್ನು ತಾನೇ ಹೊತ್ತು ಆಚೆ ಕೊಂಡೊಯ್ಯುತ್ತದೆ. ಅದಕ್ಕೇ ಕೆಲವು ಜೋಡಣೆಗಳಲ್ಲಿ ಗೋಡೆಯಿಂದ ಹೊರಗೆ ಬಂದ ಕೇಬಲ್ ಮೇಲೂ ಇಷ್ಟುದ್ದ ಲೇಪನ ಹಚ್ಚಬೇಕು ಅಂತ ಪಾಸಾದ ಜೋಡಣೆಯ ನಕ್ಷೆಯಲ್ಲಿ ಇರುತ್ತದೆ. ಅದನ್ನು ಬಿಟ್ಟಿದ್ದಾರೆಯೇ ಅಂತ ಮೊದಲೇ ನೋಡಿ.

ಕೇಬಲ್ ತೂತಿನಲ್ಲಿ ಬೆಳಕು ಕಾಣುತ್ತದೆ, ಇಲ್ಲವೇ ಗಾಳಿ ಬರುತ್ತದೆ

ಒಂದು ಬದಿಯ ದೀಪ ಆರಿಸಿ. ಇನ್ನೊಂದು ಬದಿಯಲ್ಲಿ ಟಾರ್ಚ್ ಹಿಡಿದು ಒಬ್ಬರು ನಿಲ್ಲಲಿ. ಕತ್ತಲಲ್ಲಿ ಎರಡು ನಿಮಿಷ ಸುಮ್ನೆ ನಿಂತುಕೊಳ್ಳಿ, ಕಣ್ಣು ಹೊಂದಿಕೊಳ್ಳಬೇಕು. ಆಗ ಕಾಣುತ್ತದೆ, ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕೆ. ಆ ಚುಕ್ಕೆ ಎಲ್ಲಿದೆ ಅನ್ನುವುದರ ಮೇಲೆ ಕಾರಣ ನಿಂತಿದೆ.

ಬೆಳಕು ತೂತಿನ ಅಂಚಿನಲ್ಲಿದ್ದರೆ, ಸೀಲೆಂಟ್ ಗೋಡೆಯನ್ನು ಬಿಟ್ಟಿದೆ ಅಥವಾ ಅಲ್ಲಿಗೆ ತಲುಪೇ ಇಲ್ಲ. ಕೇಬಲ್‌ಗಳು ತೂತಿನ ಒಂದು ಮೂಲೆಗೆ ಒರಗಿ ನಿಂತಾಗ ಹೀಗಾಗುತ್ತದೆ. ಒರಗಿದ ಬದಿಯಲ್ಲಿ ಸೀಲೆಂಟ್ ಇಳಿಯಲು ಜಾಗವೇ ಇರುವುದಿಲ್ಲ. ಎದುರು ಬದಿಯಲ್ಲಿ ಸಂದು ಅಗಲವಾಗಿ ಸೀಲೆಂಟ್ ಜೋತು ಬೀಳುತ್ತದೆ. ನಕ್ಷೆಯಲ್ಲಿ ಸಂದಿನ ಕನಿಷ್ಠ ಅಳತೆ, ಗರಿಷ್ಠ ಅಳತೆ ಎರಡೂ ಇರುತ್ತದೆ. ಎರಡೂ ಬದಿ ಸ್ಕೇಲ್ ಇಟ್ಟು ಅಳೆಯಿರಿ.

ಬೆಳಕು ಕೇಬಲ್ ಕಂತೆಯ ನಡುವೆ ಇದ್ದರೆ ವಿಷಯ ಬೇರೆ. ಮೂರು ಬಳಪಗಳನ್ನು ಒತ್ತಾಗಿ ಹಿಡಿದು ತುದಿಯಿಂದ ನೋಡಿ. ಮೂರರ ನಡುವೆ ಒಂದು ಪುಟ್ಟ ತ್ರಿಕೋನ ಉಳಿಯುತ್ತದೆ, ಅಲ್ವಾ? ಕೇಬಲ್ ಕಂತೆಯಲ್ಲೂ ಅಷ್ಟೇ. ಆ ತ್ರಿಕೋನ ಗೋಡೆಯ ಈ ಬದಿಯಿಂದ ಆ ಬದಿಯವರೆಗೆ ಸುರಂಗದಂತೆ ಹೋಗುತ್ತದೆ. ಕಂತೆಯನ್ನು ಬಿಗಿದು ಕಟ್ಟಿ ಸುತ್ತಲೂ ಸೀಲೆಂಟ್ ಬಳಿದರೆ ಸುರಂಗಗಳು ಹಾಗೇ ಉಳಿದವು. ಹೊಗೆ ಮೊದಲ ನಿಮಿಷದಿಂದಲೇ ದಾಟುತ್ತದೆ. ಪರಿಹಾರಕ್ಕೆ ಅಡ್ಡದಾರಿ ಇಲ್ಲ. ಕಂತೆ ಕಟ್ಟಿದ ಟೈ ಕತ್ತರಿಸಿ, ಕೇಬಲ್‌ಗಳನ್ನು ಕೈಯಿಂದ ಬಿಡಿಸಿ, ನಡುವೆ ಸೀಲೆಂಟ್ ಅಥವಾ ಪುಟ್ಟಿ ಒತ್ತಿ, ಮತ್ತೆ ಕೂಡಿಸಬೇಕು. ಕಂತೆ ಬಿಡಿಸದೆಯೇ ಪಾಸಾದ ಜೋಡಣೆಗಳೂ ಇವೆ, ಆದರೆ ಅವುಗಳಲ್ಲಿ ಕಂತೆಯ ಗಾತ್ರಕ್ಕೆ ಮಿತಿ ಇರುತ್ತದೆ.

ಬೆಳಕು ಕಾಣಲಿಲ್ಲ ಅಂದರೆ ಸೀಲ್ ಒಳ್ಳೆಯದು ಅಂತ ತಿಳಿಯಬೇಡಿ. ಸುರಂಗ ಡೊಂಕಾಗಿದ್ದರೆ ಬೆಳಕು ಬರುವುದಿಲ್ಲ, ಹೊಗೆ ಬರುತ್ತದೆ. ಹೊಗೆ ಪೆನ್ಸಿಲ್ ಹಿಡಿದು ಒಂದು ಸುತ್ತು ನೋಡಿ.

ಇಲ್ಲಿ ಸೀಲೆಂಟ್‌ನ ಜಾತಿಯನ್ನೂ ನೋಡಬೇಕು. ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಬೆಂಕಿಯಲ್ಲಿ ಕರಗಿ ಉರಿದುಹೋಗುತ್ತದೆ. ಅದು ಹೋದ ಜಾಗ ಖಾಲಿಯಾಗುತ್ತದೆ. ಆ ಖಾಲಿಯನ್ನು ತುಂಬಲು ಶಾಖಕ್ಕೆ ಉಬ್ಬುವ ಸೀಲೆಂಟ್ ಬೇಕು. ಗ್ರ್ಯಾಫೈಟ್ ಬೆರೆಸಿದವು 200 ಡಿಗ್ರಿಯ ಆಸುಪಾಸಿನಲ್ಲಿ ಉಬ್ಬಲು ಶುರುಮಾಡುತ್ತವೆ. ಕಬ್ಬಿಣದ ಪೈಪಾದರೆ ಅದು ಉರಿದು ಹೋಗುವುದಿಲ್ಲ, ಉಬ್ಬದ ಸೀಲೆಂಟ್ ನಡೆಯುತ್ತದೆ. ಇವೆರಡು ಅದಲುಬದಲಾದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಲೇಬಲ್, ಬಿಲ್, ಉಳಿದ ಖಾಲಿ ಟ್ಯೂಬ್ ಯಾವುದಾದರೂ ಹುಡುಕಿ ಹೊಂದಿಸಿ ನೋಡಿ. ದೊಡ್ಡ ಪ್ಲಾಸ್ಟಿಕ್ ಪೈಪುಗಳಿಗೆ ಸೀಲೆಂಟ್ ಒಂದೇ ಸಾಲದು, ಪೈಪಿನ ಸುತ್ತ ಕೂತು, ಬಿಸಿಗೆ ಉಬ್ಬಿ ಅದನ್ನು ಹಿಸುಕಿ ಮುಚ್ಚುವ ಕಾಲರ್ ಬೇಕು. ಗೋಡೆಗಾದರೆ ಸಾಮಾನ್ಯವಾಗಿ ಎರಡೂ ಬದಿ, ಸ್ಲ್ಯಾಬಿಗಾದರೆ ಕೆಳಗಿನಿಂದ. ಕಾಲರನ್ನು ಪ್ಲಾಸ್ಟಿಕ್ ಪ್ಲಗ್‌ನಲ್ಲಿ ಬಿಗಿದಿದ್ದರೆ ಪ್ಲಗ್ ಮೊದಲು ಕರಗಿ ಕಾಲರ್ ಕೆಳಗೆ ಬೀಳುತ್ತದೆ.

ಸ್ಲೀವ್, ಅಂದರೆ ಕೇಬಲ್ ದಾಟಲು ತೂತಿನಲ್ಲಿ ಕೂರಿಸಿದ ಕೊಳವೆ, ಇದ್ದರೆ ಸಂದು ಒಂದಲ್ಲ, ಎರಡು. ಸ್ಲೀವ್ ಒಳಗೆ, ಕೇಬಲ್ ಸುತ್ತ ಒಂದು. ಸ್ಲೀವ್ ಹೊರಗೆ, ಗೋಡೆಗೂ ಸ್ಲೀವ್‌ಗೂ ನಡುವೆ ಇನ್ನೊಂದು. ಒಳಗಿನದನ್ನು ಚೆಂದ ಮಾಡಿ ಹೊರಗಿನದನ್ನು ಮರೆತ ಕೆಲಸ ಎಷ್ಟು ಸಿಗುತ್ತದೆ ಅಂದರೆ, ನಾನು ಈಗ ಮೊದಲು ಹೊರಗಿನದನ್ನೇ ನೋಡುತ್ತೇನೆ.

ಸ್ಲೀವ್ ಎಷ್ಟು ತುಂಬಿದೆ ಅಂತ ಲೆಕ್ಕ ಹಾಕಿ. ಒಳವ್ಯಾಸ 100 ಮಿ.ಮೀ. ಸ್ಲೀವ್ ಅಂದರೆ 7,854 ಚದರ ಮಿ.ಮೀ. ಜಾಗ. 12 ಮಿ.ಮೀ. ದಪ್ಪದ ಒಂದು ಕೇಬಲ್ 113 ಚದರ ಮಿ.ಮೀ. ಹಿಡಿಯುತ್ತದೆ. 30 ಕೇಬಲ್ ಇದ್ದರೆ 3,390, ಅಂದರೆ ಸುಮಾರು 43%. ಅದೇ 48 ಕೇಬಲ್ ಆದರೆ 69%. ನಕ್ಷೆಯಲ್ಲಿ ಮಿತಿ 45% ಅಂತ ಇದ್ದರೆ ಎರಡನೆಯದು ಆಗಲೇ ಫೇಲ್, ಸೀಲೆಂಟ್ ಎಷ್ಟು ಚೆನ್ನಾಗಿ ಬಳಿದಿದ್ದರೂ ಅಷ್ಟೇ. ಒಳಗೆ ಉಬ್ಬುವ ಸಾಮಾನಿಗೆ ಜಾಗವೇ ಇಲ್ಲ. ಇನ್ನೊಂದು ತೂತು ಕೊರೆದು ಕೇಬಲ್ ಹಂಚುವುದು ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ.

ಸೀಲೆಂಟ್ ಬಿರುಕು ಬಿಟ್ಟಿದೆ, ಎದ್ದು ಬರುತ್ತಿದೆ

ಬಿಟ್ಟ ಸೀಲೆಂಟ್‌ನ ಒಂದು ತುಂಡು ಎಳೆದು ತೆಗೆಯಿರಿ. ಬಿಸಾಡಬೇಡಿ, ತಿರುಗಿಸಿ ಹಿಂಬದಿ ನೋಡಿ. ಕಾರಣ ಅಲ್ಲೇ ಬರೆದಿರುತ್ತದೆ.

ಒಂದು ಸಲ ಸ್ಲ್ಯಾಬಿನ ಅಂಚಿನ ಜಾಯಿಂಟ್‌ನಿಂದ ಇಂಥ ಪಟ್ಟಿ ತೆಗೆದಿದ್ದೆ. ಒಂದೂವರೆ ಮೀಟರ್ ಪಟ್ಟಿ ಒಂದೇ ಎಳೆತಕ್ಕೆ ಬಂತು. ಹಿಂಬದಿಯಲ್ಲಿ ಬಿಳಿ ಪುಡಿ, ಬೆರಳಿಗೆ ಹತ್ತಿತು. ಉಜ್ಜಿದರೆ ಕಾಂಕ್ರೀಟಿನ ಧೂಳು. ಕಾಂಕ್ರೀಟಿನ ಮೇಲೆ ಸೀಲೆಂಟ್‌ನ ಗುರುತೇ ಇಲ್ಲ. ಅಂದರೆ ಸೀಲೆಂಟ್ ಅಂಟಿದ್ದದ್ದು ಧೂಳಿಗೆ, ಕಾಂಕ್ರೀಟಿಗಲ್ಲ. ಬ್ರಷ್ ಹಾಕಿ ಗುಡಿಸಿ, ಒರೆಸಿ, ಬೇಕಾದ ಕಡೆ ಪ್ರೈಮರ್ ಹಚ್ಚಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಕಾಂಕ್ರೀಟ್ ಅಚ್ಚಿಗೆ ಬಳಿದ ಶಟರಿಂಗ್ ಎಣ್ಣೆ ಉಳಿದಿದ್ದರೂ ಹೀಗೇ ಆಗುತ್ತದೆ, ಆಗ ಹಿಂಬದಿ ಪುಡಿಯ ಬದಲು ಜಿಡ್ಡಾಗಿರುತ್ತದೆ.

ಸೀಲೆಂಟ್ ಎರಡೂ ಬದಿ ಗಟ್ಟಿಯಾಗಿ ಅಂಟಿಕೊಂಡು ನಡುವೆ ಹರಿದಿದ್ದರೆ ಅಂಟಿನ ದೋಷವಲ್ಲ. ಜಾಯಿಂಟ್ ಅದು ತಾಳುವುದಕ್ಕಿಂತ ಜಾಸ್ತಿ ಅಲುಗಾಡಿದೆ, ಅಥವಾ ಪದರ ತೀರಾ ತೆಳು. ಸ್ಕೇಲ್ ಇಟ್ಟು ದಪ್ಪ ಅಳೆಯಿರಿ. ಸರಿ ಇದ್ದರೆ ಅಲುಗಾಟದ ಲೆಕ್ಕಕ್ಕೆ ಬನ್ನಿ. ಕಾಂಕ್ರೀಟ್ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. 30 ಮೀಟರ್ ಉದ್ದದ ಸ್ಲ್ಯಾಬ್ 20 ಡಿಗ್ರಿ ಏರುಪೇರಿಗೆ 6 ಮಿ.ಮೀ. ಓಡಾಡುತ್ತದೆ. ಜಾಯಿಂಟ್ 20 ಮಿ.ಮೀ. ಅಗಲ ಅಂತ ಇಟ್ಟುಕೊಳ್ಳಿ. ಅಕ್ರಿಲಿಕ್ ಸೀಲೆಂಟ್‌ಗಳು ತಾಳುವುದು ಸಾಮಾನ್ಯವಾಗಿ 12.5%ರ ಆಸುಪಾಸು, ಅಂದರೆ ಆ ಕಡೆ ಈ ಕಡೆ ಎರಡೂವರೆ ಮಿಲಿಮೀಟರ್. ಒಳ್ಳೆಯ ಸಿಲಿಕೋನ್ 25% ಅಥವಾ ಹೆಚ್ಚು, ಅಂದರೆ 5 ಮಿ.ಮೀ. ಅಥವಾ ಮೇಲೆ. ಅಕ್ರಿಲಿಕ್ ಯಾಕೆ ಹರಿಯಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬಿಸಿಲಿಗೆ ಬೀಳುವ ಜಾಯಿಂಟ್ ಆದರೆ ಬೆಳಗ್ಗೆ ಒಮ್ಮೆ, ನಡುಮಧ್ಯಾಹ್ನ ಒಮ್ಮೆ ಅಗಲ ಅಳೆದು ಬರೆದಿಡಿ.

ಇನ್ನೊಂದು ಕಾರಣ ಬಹಳ ಜನಕ್ಕೆ ಗೊತ್ತಿಲ್ಲ. ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ರಬ್ಬರ್ ಬ್ಯಾಂಡನ್ನು ಎರಡು ತುದಿ ಹಿಡಿದು ಎಳೆದರೆ ಹಿಗ್ಗುತ್ತದೆ. ನಡುವೆ ಮೇಜಿಗೆ ಅಂಟಿಸಿ ಎಳೆದರೆ ಹರಿಯುತ್ತದೆ. ಹಿಂದೆ ಗಟ್ಟಿ ತಳ ಇರುವ ಜಾಯಿಂಟ್‌ನಲ್ಲಿ ಉಣ್ಣೆಯನ್ನೋ ಅಂಟದ ಪಟ್ಟಿಯನ್ನೋ ಇಡದೆ ಸೀಲೆಂಟ್ ತುಂಬಿದರೆ ಹೀಗಾಗುತ್ತದೆ.

ಮೇಲ್ಮೈಯಲ್ಲಿ ಒಣಗಿದ ಕೆರೆಯ ಕೆಸರಿನ ಹಾಗೆ ಸಣ್ಣ ಬಿರುಕುಗಳಿದ್ದರೆ ಅದು ಕುಗ್ಗಿದ್ದು. ನೀರಿನಲ್ಲಿ ಕಲಸಿದ ಅಕ್ರಿಲಿಕ್ ಒಣಗುವಾಗ ಹತ್ತರಲ್ಲಿ ಒಂದೆರಡು ಪಾಲು ಕುಗ್ಗುವುದು ಮಾಮೂಲು. ದಪ್ಪವಾಗಿ ಒಂದೇ ಸಲ ತುಂಬಿದರೆ, ಇಲ್ಲವೇ ಬಿಸಿ ಗಾಳಿಗೆ ಬೇಗ ಒಣಗಿದರೆ ಬಿರುಕು ಏಳುತ್ತದೆ. ಬಿರುಕು ಮೇಲ್ಪದರದಲ್ಲೇ ನಿಂತಿದ್ದರೆ, ಕೆಳಗಿನ ದಪ್ಪ ನಕ್ಷೆಯಷ್ಟು ಇದ್ದರೆ, ಅದೇ ಸೀಲೆಂಟ್ ಇನ್ನೊಂದು ಪದರ ಕೊಡಬಹುದು. ಈ ಒಂದು ದೋಷಕ್ಕೆ ಮಾತ್ರ ನಾನು ಮೇಲೆ ಬಳಿಯುವುದನ್ನು ಒಪ್ಪುತ್ತೇನೆ. ತಳದವರೆಗೆ ಹೋಗಿದ್ದರೆ ತೆಗೆದು ಹಾಕಿ. ಗಟ್ಟಿಯಾಗುವ ಮೊದಲೇ ಮಳೆ ನೀರು ಬಿದ್ದ ಅಕ್ರಿಲಿಕ್ ತೊಳೆದುಹೋಗಿ ಗೋಡೆ ಮೇಲೆ ಕಣ್ಣೀರಿನ ಗೆರೆಯಂತೆ ಇಳಿದಿರುತ್ತದೆ, ಅದನ್ನು ನೋಡಿದ ಕೂಡಲೇ ಗುರುತು ಸಿಗುತ್ತದೆ. ಅಲ್ಲಿ ಸಿಲಿಕೋನ್ ಹಾಕಬೇಕಿತ್ತು.

ಜಾಯಿಂಟ್‌ನಲ್ಲಿ ಒತ್ತಿದರೆ ಉಣ್ಣೆ ಒಳಕ್ಕೆ ಜಾರುತ್ತದೆ

ಜಾಯಿಂಟ್ ಅಂದರೆ ನೀರು ಸೋರದಿದ್ದರೆ ಸಾಕು ಅನ್ನುವ ಭಾವನೆ ಜಾಸ್ತಿ. 1980ರ ನವೆಂಬರ್ 21ರಂದು ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಬಿತ್ತು. ಉರಿದದ್ದು ಕೆಳಗಿನ ಮಹಡಿ. ಸತ್ತ 85 ಜನರಲ್ಲಿ ಹೆಚ್ಚಿನವರು ಇದ್ದದ್ದು ಮೇಲಿನ ಮಹಡಿಗಳಲ್ಲಿ, ಸತ್ತದ್ದು ಹೊಗೆಯಿಂದ. ಆ ಹೊಗೆ ಮೇಲೇರಿದ ದಾರಿಗಳಲ್ಲಿ ಲಿಫ್ಟ್ ಶಾಫ್ಟ್, ಮೆಟ್ಟಿಲ ಶಾಫ್ಟ್ ಜೊತೆಗೆ ಭೂಕಂಪಕ್ಕೆಂದು ಬಿಟ್ಟ ಜಾಯಿಂಟ್‌ಗಳೂ ಇದ್ದವು. ಜಾಯಿಂಟ್ ಸಣ್ಣ ಸೀಳಿನಂತೆ ಕಾಣುತ್ತದೆ. ಆದರೆ 50 ಮಿ.ಮೀ. ಅಗಲ, 20 ಮೀಟರ್ ಉದ್ದ ಅಂದರೆ ಒಂದು ಚದರ ಮೀಟರ್ ತೂತು.

ಒಳಗಿನ ಉಣ್ಣೆ ಯಾವುದು ಅಂತ ಮೊದಲು ನೋಡಿ. ಬೇಕಾದದ್ದು ಕಲ್ಲುಣ್ಣೆ, ಸೈಟಿನ ಮಾತಿನಲ್ಲಿ ರಾಕ್‌ವೂಲ್. ಅದು 1,000 ಡಿಗ್ರಿ ದಾಟಿದರೂ ನಿಲ್ಲುತ್ತದೆ. ಗಾಜುಣ್ಣೆ ಅದಕ್ಕಿಂತ ಬಹಳ ಮೊದಲೇ ಕುಸಿದು ಕರಗುತ್ತದೆ. ಹಳದಿ ಇದ್ದರೆ ಗಾಜು, ಹಸಿರುಗಂದು ಇದ್ದರೆ ಕಲ್ಲು ಅಂತ ಹೇಳುತ್ತಾರೆ, ಬಣ್ಣವನ್ನು ಪೂರ್ತಿ ನಂಬಲಾಗದು. ಚಿಟಿಕೆ ಮಾದರಿ ತೆಗೆದು ಕಟ್ಟಡದ ಹೊರಗೆ, ಸುರಕ್ಷಿತ ಜಾಗದಲ್ಲಿ ಬ್ಲೋ ಲ್ಯಾಂಪ್‌ಗೆ ಹಿಡಿದರೆ ಗಾಜುಣ್ಣೆ ಮುದುಡಿ ಮಣಿಯಾಗುತ್ತದೆ. ಕಲ್ಲುಣ್ಣೆ ಕೆಂಪಗಾಗಿ ಆಕಾರ ಉಳಿಸಿಕೊಳ್ಳುತ್ತದೆ. ಇದು ಅಂದಾಜಿಗೆ ಮಾತ್ರ, ವರದಿಗೆ ಲ್ಯಾಬ್ ಬೇಕು.

ಉಣ್ಣೆ ಸರಿ ಇದ್ದೂ ಜಾರುತ್ತಿದ್ದರೆ ಬಿಗಿ ಸಾಲದು. ಎಷ್ಟೋ ಜೋಡಣೆಗಳಲ್ಲಿ ಉಣ್ಣೆಯನ್ನು 25% ಒತ್ತಿ ತುಂಬಬೇಕು ಅಂತ ಇರುತ್ತದೆ. ಇಲ್ಲೊಂದು ಲೆಕ್ಕದ ತಪ್ಪು ಪದೇ ಪದೇ ಆಗುತ್ತದೆ. 100 ಮಿ.ಮೀ. ಸಂದಿಗೆ 25% ಸೇರಿಸಿ 125 ಮಿ.ಮೀ. ಕತ್ತರಿಸುತ್ತಾರೆ. 125 ಅನ್ನು 100ಕ್ಕೆ ಒತ್ತಿದರೆ ಅದು 20% ಮಾತ್ರ. 25% ಬೇಕಾದರೆ 100 ಅನ್ನು 0.75ರಿಂದ ಭಾಗಿಸಿ, 133 ಮಿ.ಮೀ. ಕತ್ತರಿಸಬೇಕು. ಎಂಟು ಮಿಲಿಮೀಟರ್ ವ್ಯತ್ಯಾಸ ಕೇಳಲು ಸಣ್ಣದು. ಸಂದು ಹಿಗ್ಗಿದ ದಿನ ಉಣ್ಣೆ ಅಲ್ಲೇ ನಿಲ್ಲುತ್ತದೋ ಜಾರುತ್ತದೋ ಅನ್ನುವುದು ಈ ಎಂಟರ ಮೇಲಿದೆ.

ಎರಡು ತುಂಡು ಉಣ್ಣೆ ಸೇರುವ ಕಡೆ ಬೆರಳು ಆಡಿಸಿ. ಉದ್ದಕ್ಕೆ ಒತ್ತದೆ ಸುಮ್ನೆ ಪಕ್ಕ ಪಕ್ಕ ಇಟ್ಟಿದ್ದರೆ ಅಲ್ಲಿ ಸೀಳು ಸಿಗುತ್ತದೆ. ಪದರಗಳ ದಿಕ್ಕೂ ಮುಖ್ಯ. ಅಡ್ಡ ಮಲಗಿಸಿದ ಪದರ ಸ್ಪ್ರಿಂಗಿನಂತೆ ಒತ್ತುವುದಿಲ್ಲ.

ಕಟ್ಟಡದ ಗಾಜಿನ ಹೊರಗೋಡೆಗೂ ಸ್ಲ್ಯಾಬಿನ ಅಂಚಿಗೂ ನಡುವಿನ ಸಂದಿನಲ್ಲೂ ಇದೇ ಪರೀಕ್ಷೆ. ಅಲ್ಲಿ ಉಣ್ಣೆಯನ್ನು ಹಿಡಿಯುವ ಕ್ಲಿಪ್ ಎಣಿಸಿ, ಗಾಜಿನ ಚೌಕಟ್ಟಿನ ಕಂಬ ಬರುವ ಮೂಲೆಗಳಲ್ಲಿ ಟಾರ್ಚ್ ಬಿಡಿ. ದೋಷ ಸಿಗುವುದು ಹೆಚ್ಚಾಗಿ ಆ ಮೂಲೆಯಲ್ಲೇ.

ಗೋಡೆಯ ತಲೆಯಲ್ಲಿ ಉದ್ದಕ್ಕೂ ಬಿರುಕು

ಜಿಪ್ಸಮ್ ಗೋಡೆ ಮೇಲಿನ ಸ್ಲ್ಯಾಬಿಗೆ ಸೇರುವ ಕಡೆ ಉದ್ದಕ್ಕೂ ಬಿರುಕು ಬಂದಿದ್ದರೆ ಸೀಲೆಂಟನ್ನು ಬೈಯುವ ಮೊದಲು ಒಂದು ಬೋರ್ಡಿನ ಮೂಲೆ ತೆಗೆದು ನೋಡಿ. ಸ್ಲ್ಯಾಬ್ ಮೇಲೆ ಭಾರ ಬಿದ್ದರೆ ಅದು ಕೆಳಗೆ ಬಾಗುತ್ತದೆ. ಅದಕ್ಕೇ ಮೇಲಿನ ಟ್ರ್ಯಾಕ್‌ನೊಳಗೆ (ಸ್ಲ್ಯಾಬಿಗೆ ಬಿಗಿದ ಅಡ್ಡ ಪಟ್ಟಿ) ಸ್ಟಡ್‌ಗಳು (ಗೋಡೆಯ ಒಳಗಿನ ನಿಂತ ಕಂಬಿಗಳು) ಜಾರುವಂತೆ ಬಿಟ್ಟಿರುತ್ತಾರೆ. ಯಾರೋ ಗಟ್ಟಿಯಾಗಿರಲಿ ಅಂತ ಸ್ಟಡ್ಡನ್ನು, ಬೋರ್ಡನ್ನು ಮೇಲಿನ ಟ್ರ್ಯಾಕ್‌ಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಈಗ ಅಲುಗಾಟಕ್ಕೆ ಜಾಗ ಇಲ್ಲ, ಗೋಡೆಯೇ ಬಿರುಕು ಬಿಡುತ್ತದೆ. ಎಷ್ಟು ಸಲ ಸೀಲೆಂಟ್ ಬದಲಿಸಿದರೂ ಮತ್ತೆ ಬರುತ್ತದೆ. ಸ್ಕ್ರೂ ತೆಗೆಯುವುದೇ ಮದ್ದು.

ಮೊದಲು ಸರಿ ಇತ್ತು, ಈಗ ತೂತಿದೆ

ಇದು ಹಾಕಿದವರ ತಪ್ಪಲ್ಲ, ಆಮೇಲೆ ಬಂದವರದು. ಹೊಸ ಡೇಟಾ ಕೇಬಲ್ ಎಳೆಯಲು ಬಂದವರು ಸೀಲ್‌ಗೆ ಸ್ಕ್ರೂಡ್ರೈವರ್ ಚುಚ್ಚಿ ದಾರಿ ಮಾಡಿಕೊಳ್ಳುತ್ತಾರೆ. ಕೇಬಲ್ ಹೋಗುತ್ತದೆ, ತೂತು ಉಳಿಯುತ್ತದೆ. 1975ರ ಫೆಬ್ರವರಿ 13ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ 11ನೇ ಮಹಡಿಯಲ್ಲಿ ಹತ್ತಿದ ಬೆಂಕಿ ಬೇರೆ ಮಹಡಿಗಳಿಗೆ ಹಬ್ಬಿದ್ದು ಟೆಲಿಫೋನ್ ಕೇಬಲ್‌ಗೆಂದು ಸ್ಲ್ಯಾಬಿನಲ್ಲಿ ಬಿಟ್ಟಿದ್ದ, ಮುಚ್ಚದ ತೂತುಗಳ ಮೂಲಕ. ಕೇಬಲ್ ಶಾಫ್ಟ್‌ಗಳನ್ನು ಮೇಲಿಂದ ಕೆಳಗೆ ಪ್ರತಿ ಮಹಡಿಯಲ್ಲೂ ನೋಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಒಂದು ಮಹಡಿ ಬಿಟ್ಟರೆ ಉಳಿದದ್ದರ ಶ್ರಮ ವ್ಯರ್ಥ.

ಗುರುತು ಸುಲಭ. ಉಳಿದ ಕೇಬಲ್‌ಗಳ ಬುಡದಲ್ಲಿ ಸೀಲೆಂಟ್ ಹತ್ತಿರುತ್ತದೆ, ಹೊಸ ಕೇಬಲ್ ಬುಡ ಸ್ವಚ್ಛವಾಗಿರುತ್ತದೆ. ಸೀಲೆಂಟ್ ಬದಲು ಬಿಸಿಗೆ ಉಬ್ಬುವ ದಿಂಬು ಅಥವಾ ಇಟ್ಟಿಗೆ ಇಟ್ಟ ತೂತಾದರೆ ಅವುಗಳನ್ನು ಎಣಿಸಿ. ಒಂದೆರಡು ದಿಂಬು ತೆಗೆದು ಟ್ರೇ ಮೇಲೇ ಬಿಟ್ಟು ಹೋಗಿರುತ್ತಾರೆ. ಲೇಪನ ಹಚ್ಚಿದ ಉಣ್ಣೆ ಬೋರ್ಡಾದರೆ ಕತ್ತರಿಸಿದ ಅಂಚಿಗೆ ಸೀಲೆಂಟ್ ಹಚ್ಚಿದ್ದಾರಾ, ಟ್ರೇಯ ಕೆಳಗಿನ ಸಂದು ಮುಚ್ಚಿದೆಯಾ ನೋಡಿ. ಸ್ಲ್ಯಾಬಿನಲ್ಲಿ ಇಂಥ ಬೋರ್ಡಿನ ಮೇಲೆ ಯಾರೂ ಕಾಲಿಡಬಾರದು, ಅದು ಮನುಷ್ಯನ ಭಾರ ತಾಳುವುದಿಲ್ಲ. ತುಳಿದ ಗುರುತು ಇದ್ದರೆ ಬದಲಿಸಿ, ಮೇಲೆ ಜಾಲರಿ ಹಾಕಿಸಿ.

ಪದೇ ಪದೇ ಕೇಬಲ್ ಸೇರುವ ಜಾಗಕ್ಕೆ ಗಟ್ಟಿ ಸೀಲೆಂಟ್ ಹಾಕುವುದೇ ತಪ್ಪು ಆಯ್ಕೆ ಅಂತ ನನ್ನ ಅಭಿಪ್ರಾಯ. ಅಲ್ಲಿ ತೆಗೆದು ಮತ್ತೆ ಇಡಬಹುದಾದ ದಿಂಬು, ಪುಟ್ಟಿ ಅಥವಾ ತಾನೇ ಮುಚ್ಚಿಕೊಳ್ಳುವ ಪೆಟ್ಟಿಗೆ ಇರಲಿ.

ಸೀಲ್‌ನ ಬಾಯಲ್ಲಿ ಕೇಬಲ್ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಗಡುಸಾಗಿದ್ದರೆ ಅದು ಸೀಲ್‌ನ ದೋಷ ಅಂತ ಬರೆದು ಮುಗಿಸಬೇಡಿ. ಸೀಲ್ ಒಳಗೆ ಕೇಬಲ್‌ನ ಬಿಸಿ ಹೊರಹೋಗಲು ದಾರಿ ಕಡಿಮೆ. ಕೇಬಲ್ ಮೇಲಿನ ಲೋಡ್ ಆ ಲೆಕ್ಕ ಹಿಡಿಯದೆ ಹಾಕಿರಬಹುದು. ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ತಕ್ಷಣ ತಿಳಿಸಿ.

ಕತ್ತರಿಸಿ ನೋಡುವುದು, ಮತ್ತೆ ಹಾಕುವುದು

ಅನುಮಾನ ಇದ್ದರೆ ಕತ್ತರಿಸಿ ನೋಡಲೇಬೇಕು. ಚೆಂದದ ಸೀಲ್ ಕೆಡಿಸಲು ಮನಸ್ಸು ಬರುವುದಿಲ್ಲ, ಆದರೂ ನೋಡಬೇಕು. ಎಎಸ್‌ಟಿಎಂ ಇ 2174 ತಪಾಸಣೆಗೆ ಎರಡು ದಾರಿ ಕೊಡುತ್ತದೆ. ಹಾಕುವಾಗಲೇ ನಿಂತು ಪ್ರತಿ ಬಗೆಯಲ್ಲಿ ಕನಿಷ್ಠ 10% ನೋಡುವುದು, ಅಥವಾ ಮುಗಿದ ಮೇಲೆ ಕನಿಷ್ಠ 2% ಕತ್ತರಿಸಿ ನೋಡುವುದು. ಆಯ್ಕೆ ನನ್ನದಾದರೆ ಹಾಕುವಾಗಲೇ ಪಕ್ಕದಲ್ಲಿ ನಿಲ್ಲುತ್ತೇನೆ. ಉಣ್ಣೆ ಎಷ್ಟು ಆಳಕ್ಕೆ ಹೋಯಿತು ಅನ್ನುವುದು ಆ ಹೊತ್ತಿನಲ್ಲಿ ಮಾತ್ರ ಕಣ್ಣಿಗೆ ಕಾಣುತ್ತದೆ.

ಕತ್ತರಿಸುವಾಗ ಚೌಕವಾಗಿ ಒಂದು ತುಂಡು ತೆಗೆಯಿರಿ. ಸೀಲೆಂಟ್ ದಪ್ಪ, ಉಣ್ಣೆಯ ಆಳ, ಬಿಗಿ, ಅಂಟು, ನಾಲ್ಕನ್ನೂ ಅಳೆದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಒಂದೇ ತಂಡ ಒಂದೇ ದಿನ ಹಾಕಿದ ಸೀಲ್‌ಗಳಲ್ಲಿ ಒಂದು ಟೊಳ್ಳಾಗಿದ್ದರೆ ಪಕ್ಕದ್ದನ್ನೂ ತೆಗೆಯಿರಿ. ನನ್ನ ಅನುಭವದಲ್ಲಿ ಟೊಳ್ಳು ಒಂದೇ ಬರುವುದು ಅಪರೂಪ.

ಮತ್ತೆ ಹಾಕುವಾಗ ಹಳೆಯದರ ಮೇಲೆ ಬೇರೆ ಕಂಪನಿಯ ಸೀಲೆಂಟ್ ಬೆರೆಸಬೇಡಿ. ಎರಡೂ ಒಳ್ಳೆಯವೇ ಇರಬಹುದು, ಆದರೆ ಆ ಜೋಡಿಯನ್ನು ಯಾರೂ ಕುಲುಮೆಗೆ ಇಟ್ಟು ನೋಡಿಲ್ಲ. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಹತ್ತಿರ ಇದ್ದರೆ ಸೀಲೆಂಟ್ ಅದಕ್ಕೆ ಹೊಂದುತ್ತದೆಯೇ ಅಂತ ತಯಾರಕರ ಹಾಳೆ ನೋಡಿ. ಕೆಲವು ರಾಸಾಯನಿಕಗಳು ಆ ಪೈಪನ್ನೇ ಸೀಳಿಬಿಡುತ್ತವೆ.

ಸೀಲೆಂಟ್ ಮೇಲ್ಪದರ ಗಂಟೆಗಳಲ್ಲಿ ಒಣಗುತ್ತದೆ, ಒಳಗೆ ಪೂರ್ತಿ ಗಟ್ಟಿಯಾಗಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಷ್ಟು ದಿನ ಬಿಟ್ಟು ಮತ್ತೆ ಹೋಗಿ. ಅಂಚಿಗೆ ಬೆರಳು ಒತ್ತಿ, ದೀಪ ಆರಿಸಿ, ಟಾರ್ಚ್ ಆ ಬದಿಯಿಂದ ಹಿಡಿಸಿ, ಹೊಗೆ ಪೆನ್ಸಿಲ್ ಸುತ್ತ ತಿರುಗಿಸಿ. ಸರಿ ಇದ್ದರೆ ಲೇಬಲ್ ಮೇಲೆ ಜೋಡಣೆಯ ಸಂಖ್ಯೆ, ತಾರೀಖು, ಹಾಕಿದವರ ಗುರುತು ಬರೆದು ಅಂಟಿಸಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಇರಲಿ: ಇಲ್ಲಿ ಕೇಬಲ್ ಎಳೆಯುವ ಮೊದಲು ತಿಳಿಸಿ.